ಕಾರ್ಮಿನ್ ಬಾಯಿಯ ಬಾಫಾತ್ ಪುಡಿ

ದುಬೈಯ ಕರಾಮದ ಆ ಹಳೆಯ ಕಟ್ಟಡದಲ್ಲಿ ಉರ್ಸುಲಾ ಮಸಾಲೆ ಹುರಿಯುವ ದಿನ ಯಾರಿಗೂ ಹೇಳಬೇಕಾಗಿರಲಿಲ್ಲ. ವಾರದ ರಜೆಯ ದಿನವಾದ ಶುಕ್ರವಾರ ಬೆಳಗಿನ ಪೂಜೆ ಮುಗಿಸಿ ಇಗರ್ಜಿಯಿಂದ ಬಂದವಳು ಅಡುಗೆಮನೆಯ ಕಿಟಕಿ ತೆರೆದು ದಪ್ಪ ತಳದ ಬಾಣಲೆಯನ್ನು ಒಲೆಯ ಮೇಲಿಟ್ಟರೆ, ಮೊದಲು ಕೊತ್ತಂಬರಿಯ ಪರಿಮಳ ಕಾರಿಡಾರಿಗೆ ಇಳಿಯುತ್ತಿತ್ತು. ಅದರ ಹಿಂದೆ ಜೀರಿಗೆ, ಕಾಳುಮೆಣಸು. ಕೊನೆಗೆ ಬ್ಯಾಡಗಿ ಮೆಣಸಿನ ಸರದಿ ಬಂದಾಗ ಪಕ್ಕದ ಫ್ಲ್ಯಾಟಿನ ಫಿಲಿಪಿನೋ ಹುಡುಗಿಯರು ಕೆಮ್ಮುತ್ತ ಬಾಗಿಲು ಹಾಕಿಕೊಳ್ಳುತ್ತಿದ್ದರು. ಎದುರು ಫ್ಲ್ಯಾಟಿನ ಸಕೀನ ಮಾತ್ರ ತನ್ನ ಬಾಗಿಲನ್ನು ಬೇಕೆಂದೇ ತೆರೆದಿಡುತ್ತಿದ್ದಳು. ಉಳ್ಳಾಲದ ಬ್ಯಾರಿ ಮುಸ್ಲಿಂ ಮನೆಯವಳಾದ ಅವಳಿಗೆ ಅದು ಊರಿನ ವಾಸನೆ. ಅವಳು ತಂದುಕೊಟ್ಟ ಕೋಳಿಯನ್ನು ಅವಳದೇ ಪಾತ್ರೆಯಲ್ಲಿ ಬೇಯಿಸಿ, ಅದೇ ಹೊಸ ಪುಡಿ ಹಾಕಿ ಉರ್ಸುಲಾ ಮಧ್ಯಾಹ್ನದೊಳಗೆ ಎದುರುಮನೆಗೆ ಕಳಿಸುತ್ತಿದ್ದಳು.

ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಬಾಫಾತ್ ಪುಡಿ ಇಲ್ಲದ ಅಡುಗೆಮನೆ ಇಲ್ಲ. ಹಂದಿ ಮಾಂಸಕ್ಕೆ ಅದೇ, ಕೋಳಿಗೆ ಅದೇ, ಮೂಲಂಗಿಗೂ ಅದೇ. ಆದರೆ ಒಂದು ಮನೆಯ ಪುಡಿ ಇನ್ನೊಂದು ಮನೆಯದರಂತೆ ಇರುವುದಿಲ್ಲ. ಶಿರ್ವದ ಹತ್ತಿರದ ಪಾಂಬೂರಿನಲ್ಲಿ ಉರ್ಸುಲಾಳ ತಾಯಿ ಕಾರ್ಮಿನ್ ಬಾಯಿ ಮಾಡುತ್ತಿದ್ದ ಪುಡಿಗೆ ಆ ಕೇರಿಯಲ್ಲೆಲ್ಲ ಹೆಸರಿತ್ತು. ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ರೋಸಿನ ಊಟಕ್ಕೂ ಮರಣದ ಮನೆಯ ಊಟಕ್ಕೂ ಜನ ಅವಳಿಂದಲೇ ಪುಡಿ ಮಾಡಿಸಿಕೊಂಡು ಹೋಗುತ್ತಿದ್ದರು. ಅಳತೆ ಕೇಳಿದವರಿಗೆ ಅವಳು ಅಳತೆ ಹೇಳುತ್ತಿದ್ದಳು, ಏನನ್ನೂ ಮುಚ್ಚಿಡುತ್ತಿರಲಿಲ್ಲ. ಹಾಗೆ ಮಾಡಿದವರು ಮುಂದಿನ ಸಲ ಮತ್ತೆ ಅವಳ ಬಳಿಗೇ ಬರುತ್ತಿದ್ದರು. ಏಕೆಂದರೆ ಗುಟ್ಟು ಅಳತೆಯಲ್ಲಿರಲಿಲ್ಲ, ಹುರಿಯುವುದರಲ್ಲಿತ್ತು. ಕೊತ್ತಂಬರಿ ಹಸಿ ವಾಸನೆ ಬಿಟ್ಟು ಸಿಹಿಯ ಕಡೆಗೆ ತಿರುಗಿದ ಕೂಡಲೇ, ಅದು ಕಂದುವ ಮೊದಲೇ, ಬಾಣಲೆ ಇಳಿಸಬೇಕು. ಜೀರಿಗೆಗೆ ಬೇರೆ ಹದ, ಮೆಣಸಿಗೆ ಬೇರೆ. ಒಲೆಯ ಮುಂದೆ ಮಗಳನ್ನು ನಿಲ್ಲಿಸಿ, ಒಂದು ಕೈಯಿಂದ ಅವಳ ಕಣ್ಣು ಮುಚ್ಚಿ ಇನ್ನೊಂದು ಕೈಯಿಂದ ಹುರಿಯುತ್ತ ಕಾರ್ಮಿನ್ ಬಾಯಿ, "ಈಗಲಾ? ಈಗಲಾ?" ಎಂದು ಕೇಳುತ್ತಿದ್ದಳು. ಬೇಗ ಹೇಳಿದರೂ ತಡವಾಗಿ ಹೇಳಿದರೂ ತಲೆಗೊಂದು ಮೊಟಕು. ಮದುವೆಯಾಗುವ ಹೊತ್ತಿಗೆ ಉರ್ಸುಲಾಳ ಮೂಗು ತಾಯಿಯ ಮೂಗಿನಷ್ಟೇ ಪಳಗಿತ್ತು.

ಮದುವೆಯಾಗಿ ಅವಳು ದುಬೈಗೆ ಬಂದಳು. ಗಂಡ ಅಲೆಕ್ಸಾಂಡರ್ ಒಂದು ಹೋಟೆಲಿನ ಉಗ್ರಾಣ ನೋಡಿಕೊಳ್ಳುತ್ತಿದ್ದ, ಅವಳು ದಂತವೈದ್ಯರ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂರುತ್ತಿದ್ದಳು. ಅಲಿಶಾ ಹುಟ್ಟಿದಳು, ಆಮೇಲೆ ಶರ್ವಿನ್. ಮಕ್ಕಳಿಗೆ ಕೊಂಕಣಿ ಅರ್ಥವಾಗುತ್ತಿತ್ತು, ಬಾಯಿ ತೆರೆದರೆ ಇಂಗ್ಲಿಷು. ಊರಿಗೆ ಹೋದರೆ ಸೊಳ್ಳೆ, ಕರೆಂಟಿಲ್ಲ ಎಂದು ರಗಳೆ. ಆದರೆ ಕ್ರಿಸ್ಮಸ್ಸಿನ ದಿನ ಹಬೆಯಲ್ಲಿ ಬೇಯಿಸಿದ ಅಕ್ಕಿಯ ಸಾನ್ನಾ ಮತ್ತು ಬಾಫಾತಿನ ಮುಂದೆ ಕೂತಾಗ ಇಬ್ಬರೂ ಪಾಂಬೂರಿನ ಮಕ್ಕಳೇ. ಇಲ್ಲಿ ಹಿಟ್ಟು ಹುಳಿಯಲು ಶೇಂದಿ ಸಿಗದು, ಅಂಗಡಿಯ ಯೀಸ್ಟ್ ಹಾಕಿದ ಸಾನ್ನಾ ಊರಿನಷ್ಟು ಹಗುರಾಗುತ್ತಿರಲಿಲ್ಲ. ಆದರೂ ಕೊನೆಯ ಸಾನ್ನಾಕ್ಕೆ ಅಕ್ಕ ತಮ್ಮ ಜಗಳವಾಡುತ್ತಿದ್ದರು. ಉರ್ಸುಲಾ ಬೈಯುತ್ತಿದ್ದಳು, ಒಳಗೊಳಗೆ ಹಿಗ್ಗುತ್ತಿದ್ದಳು. ಈ ಮಕ್ಕಳಿಗೆ ತಾನು ಬೇರೆ ಏನನ್ನೂ ದಾಟಿಸಲಾಗದಿದ್ದರೂ ಇದೊಂದನ್ನು ದಾಟಿಸಿದ್ದೇನೆ ಎಂಬ ಸಮಾಧಾನ ಅವಳಿಗಿತ್ತು.

ಕಾರ್ಮಿನ್ ಬಾಯಿ ೨೦೧೨ರ ಮಳೆಗಾಲದಲ್ಲಿ ತೀರಿಕೊಂಡಳು. ಉರ್ಸುಲಾ ಹೋಗಿ ಮಣ್ಣು ಮಾಡಿ ಬಂದಳು. ಅಕ್ಕ ಚಿಕ್ಕಂದಿನಲ್ಲೇ ಕಾನ್ವೆಂಟು ಸೇರಿ ಸಿಸ್ಟರ್ ಆದವಳು, ಅಡುಗೆಯ ಗೊಡವೆ ಇರಲಿಲ್ಲ. ಹಾಗಾಗಿ ಆ ಪುಡಿಯ ಹದ ಬಲ್ಲವಳು ಎಂದು ಇನ್ನು ಉಳಿದದ್ದು ಕರಾಮದಲ್ಲಿದ್ದ ಉರ್ಸುಲಾ ಒಬ್ಬಳೇ. ದುಃಖ ಉಕ್ಕಿದಾಗ ಅವಳು ಫೋಟೋದ ಮುಂದೆ ಕೂರುತ್ತಿರಲಿಲ್ಲ. ಹಿಡಿ ಕೊತ್ತಂಬರಿ ಹುರಿಯುತ್ತಿದ್ದಳು. ಪರಿಮಳ ಏಳುವಾಗ ಬೆನ್ನ ಹಿಂದೆ ತಾಯಿ ಬಂದು ನಿಂತಂತಾಗುತ್ತಿತ್ತು.

೨೦೧೪ರ ಚಳಿಗಾಲದಲ್ಲಿ ದುಬೈಗೆ ಅಪರೂಪದ ಮಳೆ ಬಂತು. ರಸ್ತೆಯಲ್ಲೆಲ್ಲ ನೀರು. ಕ್ಲಿನಿಕ್ಕಿನಿಂದ ನಡೆದುಕೊಂಡು ಬಂದ ಉರ್ಸುಲಾ ಕಟ್ಟಡದ ಬಾಗಿಲಲ್ಲಿ, ಒದ್ದೆ ಟೈಲ್ಸಿನ ಮೇಲೆ, ಕಾಲು ಜಾರಿ ಹಿಂದಕ್ಕೆ ಬಿದ್ದಳು. ತಲೆಯ ಹಿಂಭಾಗ ಮೆಟ್ಟಿಲಿನ ಅಂಚಿಗೆ ತಾಗಿತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು, ಸ್ಕ್ಯಾನ್ ಮಾಡಿದರು, ಕೆಲವು ದಿನ ಇಟ್ಟುಕೊಂಡು ಕಳಿಸಿದರು. ದೊಡ್ಡದೇನೂ ಆಗಲಿಲ್ಲ, ದೇವರು ಕಾಪಾಡಿದ ಎಂದು ಅಲೆಕ್ಸಾಂಡರ್ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿ ಬಂದ. ಆಸ್ಪತ್ರೆಯ ಊಟ ಸಪ್ಪೆ ಎಂದು ಅವಳು ದೂರಿದ್ದಳು. ಆಸ್ಪತ್ರೆಯ ಊಟ ಸಪ್ಪೆಯೇ ಇರುವುದಲ್ಲವೇ ಎಂದು ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ.

ಮನೆಗೆ ಬಂದ ವಾರದಲ್ಲಿ ಒಂದು ಸಂಜೆ ಒಲೆಯ ಮೇಲೆ ಹಾಲಿಟ್ಟು ಅವಳು ಪಕ್ಕದ ಕೋಣೆಯಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದಳು, ಅಡುಗೆಮನೆಗೆ ಬೆನ್ನು ಮಾಡಿ. ಯಾರೋ ಬಾಗಿಲು ಬಡಿದರು. ತೆರೆದರೆ ಸಕೀನ, ಗಾಬರಿಯಿಂದ ಒಳಗೆ ನುಗ್ಗಿ ಸ್ಟೌ ಆರಿಸಿದಳು. ಹಾಲು ಉಕ್ಕಿ, ಆರಿ, ಪಾತ್ರೆಯ ತಳ ಕರಕಲಾಗಿತ್ತು. ಅಡುಗೆಮನೆ ಹೊಗೆಯಿಂದ ಮಬ್ಬಾಗಿತ್ತು. ನನ್ನ ಮನೆಯೊಳಗೆ ವಾಸನೆ ಬಂತು, ನಿನಗೆ ಬರಲಿಲ್ಲವಾ ಎಂದು ಸಕೀನ ಕೇಳಿದಳು. ಉರ್ಸುಲಾ ಕೈಯಲ್ಲಿದ್ದ ಈರುಳ್ಳಿಯನ್ನು ಮೂಗಿನ ಹತ್ತಿರ ಹಿಡಿದಳು. ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ. ಡಬ್ಬಿಯಿಂದ ಪುಡಿ ತೆಗೆದು ಅಂಗೈಯಲ್ಲಿಟ್ಟು ಎಳೆದುಕೊಂಡಳು. ಸೀನು ಬಂತು, ಅಷ್ಟೇ.

ಮೂಗಿನ ಡಾಕ್ಟರು ತ್ರಿಶೂರಿನವರು, ಸಮಾಧಾನದ ಮನುಷ್ಯ. ಬಿದ್ದ ಪೆಟ್ಟಿಗೆ ಮಿದುಳು ಅಲುಗಿ, ಮೂಗಿನಿಂದ ಮೇಲಕ್ಕೆ ಹೋಗುವ ಕೂದಲಿಗಿಂತ ಸಣ್ಣ ನರಗಳು ಹರಿದಿರಬೇಕು ಎಂದು ವಿವರಿಸಿದರು. ಕೆಲವರಿಗೆ ಒಂದು ವರ್ಷದೊಳಗೆ ಸ್ವಲ್ಪ ಮರಳುತ್ತದೆ, ಹಲವರಿಗೆ ಇಲ್ಲ, ಔಷಧ ಎಂಬುದಿಲ್ಲ ಎಂದರು. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ ಗೊತ್ತಾಗುತ್ತದೆ, ಆದರೆ ನಾವು ರುಚಿ ಎನ್ನುವುದರಲ್ಲಿ ಹೆಚ್ಚಿನದು ಮೂಗಿನದೇ ಎಂದರು. ಅದನ್ನು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ.

ಹೊರಗಿನವರಿಗೆ ಇದು ಒಂದು ಕಾಯಿಲೆಯಾಗಿಯೇ ಕಾಣಲಿಲ್ಲ. ಕಣ್ಣು ಹೋದರೆ ಜನ ಕೈ ಹಿಡಿಯುತ್ತಾರೆ. ಮೂಗು ಹೋಯಿತೆಂದರೆ ನಗುತ್ತಾರೆ. ಕ್ಲಿನಿಕ್ಕಿನ ನರ್ಸ್ ಒಬ್ಬಳು, ದುಬೈಯ ಬೇಸಿಗೆಯಲ್ಲಿ ಬಸ್ಸು ಹತ್ತುವವರಿಗೆ ಅದು ಒಳ್ಳೆಯದೇ ಎಂದಳು. ಉರ್ಸುಲಾ ಕೂಡ ನಕ್ಕಳು. ಅನ್ನ ಅವಳ ಬಾಯಲ್ಲಿ ಒದ್ದೆ ಬಟ್ಟೆಯ ಹಾಗಿರುತ್ತಿತ್ತು. ಮೀನಿನ ಸಾರು ಎಂದರೆ ಬಿಸಿ ಮತ್ತು ಉಪ್ಪು. ಅವಳು ಸೊರಗಿದಳು. ಎಲ್ಲಕ್ಕಿಂತ ಹೆಚ್ಚಾಗಿ, ಕೊತ್ತಂಬರಿ ಹುರಿದರೂ ಬೆನ್ನ ಹಿಂದೆ ಯಾರೂ ಬಂದು ನಿಲ್ಲುತ್ತಿರಲಿಲ್ಲ. ಬಾಣಲೆಯಲ್ಲಿ ಕಾಳು ಸಿಡಿಯುವ ಸದ್ದು ಮಾತ್ರ ಕೇಳುತ್ತಿತ್ತು.

ಆದರೂ ಅವಳು ಪುಡಿ ಮಾಡುವುದನ್ನು ಬಿಡಲಿಲ್ಲ. ಇಷ್ಟು ವರ್ಷ ಮಾಡಿದ ಕೈ, ಕಣ್ಣಿಗೆ ಬಣ್ಣ ಗೊತ್ತು, ಕಿವಿಗೆ ಸದ್ದು ಗೊತ್ತು ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡಳು. ಮೊದಲ ಸಲ ಮಾಡಿ ಬಡಿಸಿ ಅಲೆಕ್ಸಾಂಡರನ ಮುಖ ನೋಡಿದಳು. ಅವನು ನಿಧಾನವಾಗಿ ಅಗಿದು, ಅದೇ ರುಚಿ, ಏನೂ ವ್ಯತ್ಯಾಸ ಇಲ್ಲ ಎಂದ. ಅವಳು ಅವನ ಎದುರು ಕೂತು ಅತ್ತಳು, ಸಂತೋಷಕ್ಕೆ. ತನಗೆ ಸಿಗದಿದ್ದರೇನು, ಮಕ್ಕಳಿಗೆ ಸಿಗುತ್ತಿದೆಯಲ್ಲ. ಆ ಒಂದು ಮಾತಿನ ಮೇಲೆ ಅವಳು ಒಂದು ವರ್ಷ ಬದುಕಿದಳು.

ಮರುವರ್ಷದ ಕ್ರಿಸ್ಮಸ್ಸಿನ ಊಟದಲ್ಲಿ ಶರ್ವಿನ್ ಎರಡನೆಯ ಸಲ ಬಾಫಾತ್ ಹಾಕಿಸಿಕೊಳ್ಳಲಿಲ್ಲ. ಸಾನ್ನಾಕ್ಕೆ ಸಕ್ಕರೆ ಹಾಕಿಕೊಂಡು ತಿಂದ. ಮೊದಲೆಲ್ಲ ಪಾತ್ರೆ ನೆಕ್ಕುತ್ತಿದ್ದವ ಈಗ ದೊಡ್ಡ ಮನುಷ್ಯನಾದೆಯಾ ಎಂದು ಉರ್ಸುಲಾ ಗದರಿದಳು. ಹುಡುಗ ಅಕ್ಕನ ಮುಖ ನೋಡಿದ. ಹದಿನೈದರ ಅಲಿಶಾ ಚಮಚ ಕೆಳಗಿಟ್ಟಳು.

"ಮಮ್ಮಿ, ಡ್ಯಾಡಿ ಹೇಳ್ಬೇಡಿ ಅಂತ ಹೇಳಿದ್ರು," ಎಂದಳು. "ಬಟ್ ಇಟ್ಸ್ ನಾಟ್ ದ ಸೇಮ್. ಕಹಿ ಬರ್ತದೆ."

ಉರ್ಸುಲಾ ಗಂಡನ ಕಡೆ ತಿರುಗಿದಳು. "ಯಾವಾಗಿಂದ?"

ಅಲೆಕ್ಸಾಂಡರ್ ತಟ್ಟೆಯನ್ನೇ ನೋಡುತ್ತಿದ್ದ. "ಬಿದ್ದ ಮೇಲೆ ಮಾಡಿದ ಮೊದಲ್ನೇ ಸರ್ತಿಯಿಂದ."

"ಮತ್ತೆ ನನ್ನತ್ರ ಎಂತಕ್ಕೆ ಹಾಗೆ ಹೇಳಿದ್ದು?"

"ನಿನ್ನತ್ರ ಅದೊಂದೇ ಉಳಿದದ್ದು, ಉರ್ಸು. ಅದನ್ನೂ ನಾನು ಹೇಗೆ ತೆಗಿಯುದು?"

ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು. ಆ ವರ್ಷ ನೆಂಟರಿಗೆ, ಇಗರ್ಜಿಯ ಹಬ್ಬಕ್ಕೆ, ಸಕೀನಳ ಮನೆಗೆ ಕಳಿಸಿದ ಪಾತ್ರೆಗಳೆಲ್ಲ ಒಂದೊಂದಾಗಿ ನೆನಪಾದವು. ಮರುದಿನ ಸಕೀನಳನ್ನು ಕೇಳಿದಳು. ಸಕೀನ ಅವಳ ಕೈ ಹಿಡಿದುಕೊಂಡು, ಕೊಡುವವಳ ಮನಸ್ಸು ನೋಡಿ ತಿಂದೆವು, ರುಚಿ ನೋಡಿ ಅಲ್ಲ ಎಂದಳು. ಡಬ್ಬಿಯಲ್ಲಿ ಉಳಿದಿದ್ದ ಪುಡಿಯನ್ನು ಉರ್ಸುಲಾ ಕಸದ ಚೀಲಕ್ಕೆ ಸುರಿದಳು.

ಅಲಿಶಾಳಿಗೆ ತಾನು ಬಾಯಿಬಿಟ್ಟದ್ದು ತಪ್ಪೋ ಸರಿಯೋ ತಿಳಿಯದೆ ಸಂಕಟವಾಗಿತ್ತು. ಒಂದು ಶುಕ್ರವಾರ ಅವಳೇ ಅಡುಗೆಮನೆಗೆ ಬಂದು, ನಾನು ನಿಮ್ಮ ಮೂಗಾಗುತ್ತೇನೆ, ಕಲಿಸಿ ಎಂದಳು. ತಾಯಿ ತನಗೆ ಕಲಿಸಿದ ಹಾಗೆಯೇ ಉರ್ಸುಲಾ ಮಗಳನ್ನು ಒಲೆಯ ಮುಂದೆ ನಿಲ್ಲಿಸಿ ಕಣ್ಣು ಮುಚ್ಚಿದಳು. ಕೊತ್ತಂಬರಿ ಸಿಡಿಯತೊಡಗಿತು.

"ಈಗ ಹೇಗುಂಟು ವಾಸನೆ?"

"ನೈಸ್. ಟೋಸ್ಟ್ ಹಾಗೆ."

"ಸಿಹಿ ಬಂತಾ?"

"ಗೊತ್ತಿಲ್ಲ ಮಮ್ಮಿ. ಸಿಹಿ ಅಂದ್ರೆ ಯಾವ ಹಾಗೆ?"

ಅದನ್ನು ಮಾತಿನಲ್ಲಿ ಹೇಳಲು ಉರ್ಸುಲಾಳಿಗೆ ಬರಲಿಲ್ಲ. ಕಾರ್ಮಿನ್ ಬಾಯಿಗೂ ಬರುತ್ತಿರಲಿಲ್ಲ. ಆದರೆ ಮಗಳು ತಪ್ಪಿದರೆ ತಪ್ಪಿತೆಂದು ಆ ತಾಯಿಗೆ ಗೊತ್ತಾಗುತ್ತಿತ್ತು. ಇಲ್ಲಿ ಕಲಿಸುವವಳಿಗೇ ಸರಿ ತಪ್ಪು ತಿಳಿಯದು. ಹೀಗೆ ಎಷ್ಟೋ ಶುಕ್ರವಾರಗಳು ಕಳೆದವು. ಒಂದು ಸಲ ಕರಕಲು, ಒಂದು ಸಲ ಹಸಿ. ಹತ್ತಿರ ಬಂತಾ ಎಂದು ಕೇಳಿದರೆ ಹುಡುಗಿ ಬಹಳ ಹೊತ್ತು ಯೋಚಿಸುತ್ತಿದ್ದಳು. ಕೊನೆಗೊಮ್ಮೆ, ಮೊದಲಿನದು ಹೇಗಿತ್ತೆಂದೇ ತನಗೀಗ ಸರಿಯಾಗಿ ನೆನಪಾಗುತ್ತಿಲ್ಲ ಎಂದು ಒಪ್ಪಿಕೊಂಡು ಅತ್ತುಬಿಟ್ಟಳು.

ಉರ್ಸುಲಾ ಊರಿಗೆ ಫೋನು ಮಾಡಿದಳು. ತಾಯಿಯ ತಂಗಿ ಜುಲಿಯಾನಾ ಇನ್ನೂ ಇದ್ದಳು, ಬೆಳ್ಮಣ್ಣಿನಲ್ಲಿ. ಮೌಶಿ ಮಾಡಿಕೊಟ್ಟರೆ ಒಂದು ಮಾದರಿಯಾದರೂ ಸಿಕ್ಕೀತೆಂಬ ಆಸೆ. ಮೌಶಿ ನಕ್ಕಳು. ಕೈ ನಡುಗಲು ಶುರುವಾದ ಮೇಲೆ ತಾನು ಪೇಟೆಯ ಪ್ಯಾಕೆಟ್ಟನ್ನೇ ತರಿಸುವುದೆಂದೂ, ಕೈ ಗಟ್ಟಿಯಿದ್ದಾಗಲೂ ಅಕ್ಕನ ಹದ ತನಗೆ ಬಂದೇ ಇರಲಿಲ್ಲವೆಂದೂ ಹೇಳಿದಳು. ನಿನಗೆ ಬಂದಿದೆ ಎಂದು ಅಕ್ಕ ಸಾಯುವವರೆಗೆ ಹೇಳಿಕೊಳ್ಳುತ್ತಿದ್ದಳು ಎಂದೂ ಸೇರಿಸಿದಳು.

ಎಲ್ಲ ಕೈಬಿಟ್ಟ ಮೇಲೆ, ೨೦೧೬ರ ಮಧ್ಯದಲ್ಲಿ, ಅಬುಧಾಬಿಯಿಂದ ಗ್ಲಾಡಿಸಳ ಫೋನು ಬಂತು. ಅವಳು ಅಲೆಕ್ಸಾಂಡರನ ತಮ್ಮ ರುಡೊಲ್ಫನ ಹೆಂಡತಿ. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಅವರ ಮನೆ. ಫ್ರೀಜರ್ ತೊಳೆಯುವಾಗ ಮೂಲೆಯಲ್ಲಿ ಒಂದು ಹಳೆಯ ಬಾಟಲಿ ಸಿಕ್ಕಿದೆ, ಮಗ ಇಗರ್ಜಿಯಲ್ಲಿ ಮೊದಲ ಪರಮಪ್ರಸಾದ ಪಡೆದ ದಿನದ ಊಟಕ್ಕೆ ನೀನು ಮಾಡಿಕೊಟ್ಟ ಪುಡಿ, ಸ್ವಲ್ಪ ಉಳಿದಿದೆ, ಎಸೆಯಬೇಕೋ ಏನೋ ಎಂದು ಕೇಳಿದಳು. ಆ ಊಟ ಆದದ್ದು ಉರ್ಸುಲಾ ಬೀಳುವ ಮೊದಲು. ಎಸೆಯಬೇಡ, ಮುಚ್ಚಳ ತೆರೆಯಲೂ ಬೇಡ ಎಂದು ಉರ್ಸುಲಾ ಹೇಳಿದ ದನಿಗೆ ಗ್ಲಾಡಿಸ್ ಹೆದರಿದಳಂತೆ.

ಆ ಶುಕ್ರವಾರ ನಾಲ್ವರೂ ಕಾರು ಹತ್ತಿ ಅಬುಧಾಬಿಗೆ ಹೋದರು. ಗ್ಲಾಡಿಸ್ ಬಾಟಲಿ ತಂದು ಮೇಜಿನ ಮೇಲಿಟ್ಟಳು. ಅಲೆಕ್ಸಾಂಡರ್ ಮುಚ್ಚಳ ತಿರುಗಿಸಿ ಮೂಗಿಗೆ ಹಿಡಿದವನು ತಟ್ಟನೆ ಗೋಡೆಯ ಕಡೆ ಮುಖ ಮಾಡಿದ. ಅವನ ಭುಜ ನೋಡಿಯೇ ಅವಳಿಗೆ ತಿಳಿಯಿತು. ಇದು ಅದೇ.

ಮಗಳಿಗೆ ಮಾದರಿಯಾಗಿ ಇರಲೆಂದು ಅವಳು ಒಂದಿಷ್ಟನ್ನು ಸಣ್ಣ ಡಬ್ಬಿಗೆ ತೆಗೆದಿಟ್ಟಳು. ಉಳಿದದ್ದರಿಂದ ಅಂದು ಅಡುಗೆ ಮಾಡಿದಳು. ಮುಸ್ಲಿಮೇತರರಿಗೆ ಎಂದು ಬೋರ್ಡು ಹಾಕಿದ ಸೂಪರ್‌ಮಾರ್ಕೆಟ್ಟಿನ ಒಳಕೋಣೆಯಿಂದ ರುಡೊಲ್ಫ್ ಹಂದಿ ಮಾಂಸ ತಂದಿದ್ದ. ಈರುಳ್ಳಿ, ಶುಂಠಿ, ವಿನೆಗರ್, ಕೊನೆಗೆ ಪುಡಿ. ಸಾರು ಕುದಿಯತೊಡಗಿದಾಗ ಒಳಗಿದ್ದವರು ಒಬ್ಬೊಬ್ಬರಾಗಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಯಾರೂ ಕರೆದಿರಲಿಲ್ಲ. ಉರ್ಸುಲಾ ಸೌಟು ಹಿಡಿದುಕೊಂಡು ಅವರ ಮುಖಗಳನ್ನು ನೋಡಿದಳು. ಪಾತ್ರೆಯಿಂದ ಏಳುತ್ತಿದ್ದ ಹಬೆ ಅವಳ ಮುಖಕ್ಕೂ ಬಡಿಯುತ್ತಿತ್ತು, ಬಿಸಿಯಾಗಿ, ಒದ್ದೆಯಾಗಿ, ಬೇರೆ ಏನೂ ಆಗದೆ.

ಎಲ್ಲರೂ ಊಟಕ್ಕೆ ಕೂತರು. ಶರ್ವಿನ್ ಎರಡು ಸಲ, ಮೂರು ಸಲ ಹಾಕಿಸಿಕೊಂಡ. "ಮಮ್ಮಿ, ಇದು," ಎಂದ ಅಲಿಶಾ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು. ಅಲೆಕ್ಸಾಂಡರ್ ತಲೆ ಎತ್ತದೆ ತಿಂದ. ಉರ್ಸುಲಾ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಕಾದಳು. ತನ್ನ ತಾಯಿಯ ಕೈಯ ರುಚಿ ಈಗ ಈ ಮೇಜಿನ ಸುತ್ತ ಎಲ್ಲರ ಬಾಯಲ್ಲೂ ಇದೆ. ತನ್ನದರಲ್ಲಿ ಉಪ್ಪು, ಸ್ವಲ್ಪ ಹುಳಿ, ಮೆಣಸಿನ ಉರಿ. ಅಗಿದು ನುಂಗಿದಳು. ನೀನೂ ಇನ್ನೊಂದಿಷ್ಟು ಹಾಕಿಕೊ ಎಂದು ಗ್ಲಾಡಿಸ್ ಹೇಳಿದಾಗ, ಹೊಟ್ಟೆ ತುಂಬಿತು ಎಂದಳು.

ಆ ಸಣ್ಣ ಡಬ್ಬಿ ಕರಾಮದ ಫ್ರೀಜರಿಗೆ ಬಂತು. ಈಗ ಸರಿಯಾದದ್ದು ಯಾವುದೆಂದು ಗೊತ್ತಿದೆ, ಹೋಲಿಸಿ ನೋಡಿ ಕಲಿಯಬಹುದು ಎಂದು ಅಲಿಶಾ ಹುರುಪುಗೊಂಡಳು. ಪ್ರತಿ ಸಲ ಹುರಿದು ಪುಡಿ ಮಾಡಿ, ಡಬ್ಬಿ ತೆರೆದು ಮೂಗಿಗೆ ಹಿಡಿದು, ಇದು ಹೀಗೆ, ಅದು ಹಾಗೆ ಎಂದು ಹೇಳುತ್ತಿದ್ದಳು. ಒಂದೆರಡು ಸಲ ಬಹಳ ಹತ್ತಿರ ಬಂತೆಂದಳು. ಉರ್ಸುಲಾಳ ಮುಖಕ್ಕೆ ಸ್ವಲ್ಪ ಕಳೆ ಬಂತು. ಆಮೇಲೆ ಹುಡುಗಿಯ ಪರೀಕ್ಷೆಗಳು ಬಂದವು, ಟ್ಯೂಷನ್ ಬಂತು, ಮಧ್ಯೆ ತಿಂಗಳುಗಟ್ಟಲೆ ಒಲೆಯ ಮುಂದೆ ನಿಲ್ಲಲಾಗಲಿಲ್ಲ. ಬಿಡುವು ಸಿಕ್ಕಾಗ ಮತ್ತೆ ಡಬ್ಬಿ ತೆರೆದಳು. ತೆರೆದು ಮುಚ್ಚಿ, ತೆರೆದು ಮುಚ್ಚಿ, ಅದರೊಳಗಿನ ಹಳೆಯ ಪುಡಿ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಪರಿಮಳ ಕಳೆದುಕೊಳ್ಳುತ್ತಿತ್ತೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಮುಂದಿನ ವರ್ಷದ ಬೇಸಿಗೆ ರಜೆಗೆ ಮುಂಚೆ ಒಂದು ದಿನ ಅಲಿಶಾ ಡಬ್ಬಿಯನ್ನು ಮೂಗಿಗೆ ಹಿಡಿದು ಬಹಳ ಹೊತ್ತು ನಿಂತಳು.

"ಮಮ್ಮಿ, ಇದ್ರಲ್ಲಿ ಈಗ ಎಂತ ಇಲ್ಲ," ಎಂದಳು. "ಬರೀ ಧೂಳು."

ಅಲೆಕ್ಸಾಂಡರನನ್ನು ಕರೆದು ತೋರಿಸಿದರು. ಅವನೂ ಮೂಸಿ ನೋಡಿದ. ಈ ಸಲ ಸುಳ್ಳು ಹೇಳಲಿಲ್ಲ.

ಅಲಿಶಾ ಇನ್ನೊಮ್ಮೆ ಹುರಿಯೋಣ, ಬೇರೆ ಥರ ನೋಡೋಣ ಎಂದಳು. ಉರ್ಸುಲಾ ಬಾಣಲೆಯನ್ನು ತೊಳೆದು ಮಗುಚಿ ಹಾಕಿದಳು. "ಸಾಕು ಬಾಯೆ, ಖಲಾಸ್," ಎಂದಳು. "ನೀನು ಓದ್ಲಿಕ್ಕೆ ಹೋಗು."

ಅದೇ ವರ್ಷ ಸಕೀನಳ ಗಂಡನ ಕೆಲಸ ಹೋಯಿತು. ಅವರು ವೀಸಾ ರದ್ದು ಮಾಡಿಸಿ ಉಳ್ಳಾಲಕ್ಕೆ ಹೊರಟರು. ಎದುರು ಫ್ಲ್ಯಾಟಿಗೆ ಬೇರೆ ಯಾರೋ ಬಂದರು. ಉರ್ಸುಲಾ ಈಗ ಕರಾಮದ ಅಂಗಡಿಯಿಂದ ಬಾಫಾತ್ ಪುಡಿಯ ಪ್ಯಾಕೆಟ್ ತರುತ್ತಿದ್ದಳು. ಮೊದಲ ಸಲ ಅಂಗಡಿಯವ ಎರಡು ಮೂರು ಬಗೆ ತೋರಿಸಿ ಯಾವುದು ಬೇಕೆಂದು ಕೇಳಿದ್ದ. ಯಾವುದಾದರೂ ಆಯಿತು ಎಂದಿದ್ದಳು. ಸೆಪ್ಟೆಂಬರಿನಲ್ಲಿ ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ ಇಗರ್ಜಿಯಲ್ಲಿ ಹೊಸ ತೆನೆ ಹಂಚಿದಾಗ ತಂದು, ಭತ್ತ ಸುಲಿದು ಹಾಲಿಗೆ ಹಾಕಿ ಎಲ್ಲರಿಗೂ ಕೊಡುತ್ತಿದ್ದಳು, ತಾನೂ ಕುಡಿಯುತ್ತಿದ್ದಳು. ಬೆಚ್ಚಗೆ, ಸಿಹಿಯಾಗಿ ಇರುತ್ತಿತ್ತು. ತಾಯಿಯನ್ನು ನೆನೆಯಬೇಕೆನಿಸಿದರೆ ಈಗ ಫೋಟೋ ನೋಡಬೇಕಾಗಿತ್ತು. ಫೋಟೋದಲ್ಲಿ ಕಾರ್ಮಿನ್ ಬಾಯಿ ಯಾರದೋ ಮದುವೆಗೆಂದು ಸೀರೆಯುಟ್ಟು ಸೆಟೆದು ನಿಂತಿದ್ದಳು, ಪರಿಚಯದ ಒಬ್ಬ ಹೆಂಗಸಿನ ಹಾಗೆ.

೨೦೧೯ರಲ್ಲಿ, ಅಲಿಶಾ ಮಣಿಪಾಲದ ಹಾಸ್ಟೆಲಿನಲ್ಲಿದ್ದಾಗ, ಶರ್ವಿನ್ ತನ್ನ ತರಗತಿಯ ಗೆಳೆಯನೊಬ್ಬನನ್ನು ಊಟಕ್ಕೆ ಕರೆತಂದ. ದಿಲ್ಲಿ ಕಡೆಯ ಹುಡುಗ. ಉರ್ಸುಲಾ ಕೋಳಿಯ ಬಾಫಾತ್ ಮಾಡಿದ್ದಳು. ಹುಡುಗ ಮೆಚ್ಚಿ ತಿಂದು, ಇಂಥದ್ದನ್ನು ತಾನು ಎಲ್ಲೂ ತಿಂದಿಲ್ಲ ಎಂದ.

"ದಿಸ್ ಈಸ್ ಮೈ ಗ್ರ್ಯಾಂಡ್‌ಮಾಸ್ ರೆಸಿಪಿ," ಎಂದ ಶರ್ವಿನ್. ಅವನ ದನಿಯಲ್ಲಿ ನಿಜವಾದ ಹೆಮ್ಮೆ ಇತ್ತು. "ಪಾಂಬೂರಲ್ಲಿ ಶೀ ವಾಸ್ ಫೇಮಸ್. ನಮ್ಮ ಮನೆಯಲ್ಲಿ ಮಾತ್ರ ಹೀಗೆ ಮಾಡುದು."

ಅವನು ಸುಳ್ಳು ಹೇಳುತ್ತಿರಲಿಲ್ಲ. ಹಾಗೆಂದೇ ನಂಬಿದ್ದ. ಅಜ್ಜಿಯ ರುಚಿ ಎಂದರೆ ಅವನಿಗೆ ಈಗ ಇದೇ, ಅಂಗಡಿಯ ಪ್ಯಾಕೆಟ್ಟಿನದು. ಉರ್ಸುಲಾ ಗಂಡನ ಕಡೆ ನೋಡಿದಳು. ಅಲೆಕ್ಸಾಂಡರ್ ಏನನ್ನೋ ಹೇಳಲು ಬಾಯಿ ತೆರೆದು, ಅವಳ ಮುಖ ಕಂಡು, ಅತಿಥಿಯ ತಟ್ಟೆಗೆ ಅನ್ನ ಬಡಿಸಿದ. ಅವಳು ಬರಿದಾದ ಬಟ್ಟಲನ್ನು ಎತ್ತಿಕೊಂಡು, ಇನ್ನಷ್ಟು ತರಲು ಒಳಗೆ ಹೋದಳು.